ಉಪವಾಸ ಕೂತ ಓತಿಕ್ಯಾತ

ಹಲ್ಲಿ ಜಾತಿಯ ಜೊತೆ ನಮ್ಮವರ ಸಂಬಂಧ ಒಂಥರಾ ವಿಚಿತ್ರ. ಮಾತಿನ ಮಧ್ಯೆ ಗೋಡೆ ಮೇಲಿನ ಹಲ್ಲಿ ಲೊಚಗುಟ್ಟಿದರೆ 'ನೋಡು, ಸತ್ಯ' ಅಂತ ನೆಲ ಕುಟ್ಟುತ್ತೇವೆ. ಅದೇ ಹಲ್ಲಿ ಮೈಮೇಲೆ ಬಿದ್ದರೆ ಪಂಚಾಂಗ ತೆಗೆದು, ಬಲಭುಜವೋ ಎಡಭುಜವೋ ಅಂತ ಫಲ ಹುಡುಕುತ್ತೇವೆ. ಬೇಲಿ ಮೇಲಿನ ಓತಿಕ್ಯಾತನನ್ನಂತೂ ಗಾದೆಯಲ್ಲೇ ಕಟ್ಟಿ ಹಾಕಿದ್ದೇವೆ, ಅವನಿಗೆ ಬೇಲಿಗೂಟವೇ ಸಾಕ್ಷಿ. ತೇಜಸ್ವಿಯವರ 'ಕರ್ವಾಲೊ' ಓದಿದವರಿಗೆ ಹಾರುವ ಓತಿಯ ಮೇಲೆ ಒಂದಿಷ್ಟು ಗೌರವ ಬಂದಿದ್ದುಂಟು. ಆದರೆ ಓತಿಯೊಂದನ್ನು ಮನೆಯೊಳಗೆ ತಂದಿಟ್ಟುಕೊಂಡು, ಅದು ಊಟ ಮಾಡಲಿಲ್ಲ ಅಂತ ರಾತ್ರಿ ನಿದ್ದೆಗೆಡುವ ಕೆಲಸವನ್ನು ನಮ್ಮ ವಂಶದಲ್ಲಿ ಯಾರೂ ಮಾಡಿದ್ದಿಲ್ಲ. ಆ ಭಾಗ್ಯ ನನಗೆ ಕತಾರಿನಲ್ಲಿ ಒದಗಿ ಬಂತು.

ಅವನ ಹೆಸರು ರಾಕಿ. ಜಾತಿಯಲ್ಲಿ ಬಿಯರ್ಡೆಡ್ ಡ್ರ್ಯಾಗನ್. ಹೆದರಬೇಡಿ, ಡ್ರ್ಯಾಗನ್ ಅನ್ನೋದು ಹೆಸರಿಗೆ ಮಾತ್ರ. ಮೂತಿಯಿಂದ ಬಾಲದ ತುದಿಯವರೆಗೆ ಅಳೆದರೆ ಒಂದೂವರೆ ಅಡಿ, ತೂಕ ಅರ್ಧ ಕೆಜಿಗೂ ಕಡಿಮೆ. ಗಂಟಲ ಕೆಳಗೆ ಮುಳ್ಳು ಮುಳ್ಳಾದ ಚರ್ಮ ಇದೆ. ಸಿಟ್ಟೋ ಹೆದರಿಕೆಯೋ ಆದಾಗ ಅದನ್ನು ಉಬ್ಬಿಸಿ ಕಪ್ಪು ಮಾಡಿಕೊಳ್ಳುತ್ತಾನೆ. ಅದೇ ಅವನ ಗಡ್ಡ. 2018ರಲ್ಲಿ ಬಂದ ಕೆಜಿಎಫ್ ಸಿನಿಮಾವನ್ನು ಇಪ್ಪತ್ತು ಸಲ ನೋಡಿದ ಹುಡುಗನ ಕೈಗೆ ಗಡ್ಡದ ಓತಿ ಸಿಕ್ಕರೆ ರಾಕಿ ಅಂತಲ್ಲದೆ ಬೇರೆ ಹೆಸರು ಇಡೋದುಂಟಾ?

ಈ ಜಾತಿಯ ಮೂಲಸ್ಥಾನ ಆಸ್ಟ್ರೇಲಿಯಾದ ಒಳನಾಡಿನ ಒಣಭೂಮಿ. ಆ ದೇಶ ತನ್ನ ಕಾಡುಪ್ರಾಣಿಗಳನ್ನು ಹೊರಗೆ ಮಾರೋದನ್ನು ದಶಕಗಳ ಹಿಂದೆಯೇ ನಿಲ್ಲಿಸಿದೆ. ಹಾಗಾಗಿ ಬೇರೆ ದೇಶಗಳಲ್ಲಿ ಜನ ಸಾಕುತ್ತಿರೋದೆಲ್ಲ ಗಾಜಿನ ಪೆಟ್ಟಿಗೆಯಲ್ಲೇ ಹುಟ್ಟಿ, ಅಲ್ಲೇ ಬೆಳೆದ ಸಂತಾನ. ರಾಕಿ ತನ್ನ ಊರನ್ನು ಕಂಡೇ ಇಲ್ಲ. ದೋಹಾದಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು 'ನಿಮ್ಮೂರು ಯಾವುದು' ಅಂದಾಗ ಅಪ್ಪ ಅಮ್ಮ ಹೇಳಿಕೊಟ್ಟ ಹೆಸರನ್ನು ಒಪ್ಪಿಸುತ್ತಾರಲ್ಲ, ಹೆಚ್ಚು ಕಡಿಮೆ ಹಾಗೆ.

ಇವನು ನಮ್ಮ ಮನೆಗೆ ಬಂದಿದ್ದು ಜೂನ್ ಕೊನೆಗೆ. ಗಲ್ಫಿನಲ್ಲಿ ಇದ್ದವರಿಗೆ ಜೂನ್ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಶಾಲೆಗಳಿಗೆ ರಜೆ ಬೀಳುತ್ತದೆ, ರಜೆಗೆ ಹೋಗುವವರ ಜೊತೆ ತಿರುಗಿ ಬಾರದಂತೆ ಹೋಗುವವರೂ ಗಂಟುಮೂಟೆ ಕಟ್ಟುತ್ತಾರೆ. ಸೋಫಾ, ವಾಷಿಂಗ್ ಮಶೀನು, ಮಕ್ಕಳ ಸೈಕಲ್ಲು ಎಲ್ಲ ಬಂದ ಬೆಲೆಗೆ ಮಾರಾಟ. ಕಡೆಗೆ ಉಳಿಯೋದು ಪ್ರಾಣಿಗಳು. ಬೆಕ್ಕು, ಗಿಳಿ, ಆಮೆ. ನಮ್ಮ ಕಟ್ಟಡದ ನಾಲ್ಕನೇ ಮಹಡಿಯಲ್ಲಿದ್ದ ಮಂಗಳೂರಿನ ಸಂಸಾರವೂ ಹಾಗೆ ಹೊರಟಿತು. ಯಜಮಾನರ ಪ್ರಾಜೆಕ್ಟು ಮುಗಿದಿತ್ತು, ಕೆಲಸವೂ ಮುಗಿಯಿತು. ಹದಿನೈದು ದಿನದಲ್ಲಿ ಮನೆ ಖಾಲಿ. ಓತಿಯನ್ನು ವಿಮಾನದಲ್ಲಿ ಊರಿಗೆ ಒಯ್ಯುವುದು ಸುಲಭದ ಮಾತಲ್ಲ. ಅವರ ಹನ್ನೆರಡು ವರ್ಷದ ಮಗ ನಮ್ಮ ಬಾಗಿಲಿಗೆ ಬಂದು, ನನ್ನ ಮಗಳ ಮುಖ ನೋಡಿ, 'ನೀನು ಸಾಕ್ತೀಯಾ?' ಅಂತ ಕೇಳಿದ. ಅವಳು ನನ್ನ ಮುಖ ನೋಡಿದಳು. ನಾನು ನನ್ನವಳ ಮುಖ ನೋಡಿದೆ. ಅವಳು ಆ ಹುಡುಗನ ಮುಖ ನೋಡಿದಳು. ಅಲ್ಲಿಗೆ ತೀರ್ಮಾನ ಆಗಿಹೋಯಿತು.

ಒಂದು ಗುರುವಾರ ರಾತ್ರಿ ಗಾಜಿನ ಪೆಟ್ಟಿಗೆ, ಎರಡು ದೀಪ, ಒಂದು ಕಲ್ಲು, ಒಂದು ಒಣಕೊಂಬೆ, ರಾಕಿ ಮತ್ತು ಒಂದು ಇನ್ನೂರು ಪುಟದ ನೋಟ್‌ಬುಕ್ಕು ನಮ್ಮ ಹಾಲಿಗೆ ಬಂದವು. ಶುಕ್ರವಾರ ಬೆಳಿಗ್ಗೆ ಆ ಸಂಸಾರ ವಿಮಾನ ಹತ್ತಿತು. ಶುಕ್ರವಾರ ಸಂಜೆಗೇ ಮಂಗಳೂರಿನಿಂದ ಫೋನು. 'ಅಂಕಲ್, ರಾಕಿ ತಿಂದನಾ?'

ತಿಂದಿರಲಿಲ್ಲ.

*

ದೊಡ್ಡ ಬಿಯರ್ಡೆಡ್ ಡ್ರ್ಯಾಗನ್‌ಗಳ ಊಟದಲ್ಲಿ ಮುಕ್ಕಾಲು ಪಾಲು ಸೊಪ್ಪು, ಉಳಿದದ್ದು ಹುಳ. ಮರಿಗಳಿಗೆ ಇದರ ಉಲ್ಟಾ. ನಮ್ಮದು ಸಸ್ಯಾಹಾರಿ ಮನೆ. ಆದರೂ ಸೂಕ್ ವಾಕಿಫ್‌ನ ಹಕ್ಕಿ ಮಾರುವ ಓಣಿಗೆ ಹೋಗಿ ಒಂದು ಡಬ್ಬಿ ಮೀಲ್‌ವರ್ಮ್ ತಂದೆ. ಉಪ್ಪಿನಕಾಯಿ ಜಾಡಿ ಮತ್ತು ತುಪ್ಪದ ಡಬ್ಬಿಯ ನಡುವೆ ಹುಳದ ಡಬ್ಬಿಗೆ ಫ್ರಿಜ್ಜಿನಲ್ಲಿ ಜಾಗ ಮಾಡಿದ್ದು ನನ್ನವಳ ದೊಡ್ಡಗುಣ. 'ಅದಕ್ಕೊಂದು ಪ್ಲಾಸ್ಟಿಕ್ಕು ಸುತ್ತಿ, ಮೇಲೆ ಎಂತದು ಅಂತ ಬರೀಬೇಡಿ' ಅನ್ನೋದಷ್ಟೇ ಅವಳ ಷರತ್ತು.

ಇಲ್ಲಿ ಎಲ್ಲ ತರಕಾರಿ ಅಂಗಡಿಯಲ್ಲೂ ಸಿಗುವ ಜರ್ಜೀರ್ ಸೊಪ್ಪನ್ನು ಸಣ್ಣಗೆ ಹೆಚ್ಚಿ, ಸಿಹಿಗುಂಬಳ ತುರಿದು, ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸಿ ಇಟ್ಟೆವು. ಪಾಲಕ್ ಹಾಕಬಾರದು. ಅದರಲ್ಲಿರುವ ಆಕ್ಸಲೇಟು ಹೊಟ್ಟೆಯಲ್ಲಿ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಬಿಡುತ್ತದೆ, ಮೂಳೆಗೆ ಸಿಗೋದಿಲ್ಲ. ಬೆಣ್ಣೆಹಣ್ಣು, ಅಂದರೆ ಅವಕಾಡೊ, ಇವಕ್ಕೆ ವಿಷ. ಹುಳ ಕೊಟ್ಟರೂ ಅದರ ಗಾತ್ರ ಓತಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ಇದೆಲ್ಲ ಆ ಹುಡುಗನ ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು.

ರಾಕಿ ತಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ಕಪ್ಪು ಗಡ್ಡ, ಅರ್ಧ ಮುಚ್ಚಿದ ಕಣ್ಣು. ಕಲ್ಲಿಗೆ ಹೊಟ್ಟೆ ಅಂಟಿಸಿಕೊಂಡು ಮಲಗಿಬಿಟ್ಟ. ಆಗಾಗ ಮುಂಗಾಲು ಎತ್ತಿ ನಿಧಾನಕ್ಕೆ ಗಾಳಿಯಲ್ಲಿ ಬೀಸುತ್ತಿದ್ದ. 'ಅಪ್ಪಾ, ಟಾಟಾ ಮಾಡ್ತಿದ್ದಾನೆ!' ಅಂತ ಮಗಳಿಗೆ ಖುಷಿ. ಅದು ಟಾಟಾ ಅಲ್ಲ. ತನಗಿಂತ ದೊಡ್ಡ ಪ್ರಾಣಿಯ ಎದುರು 'ನಾನು ಜಗಳಕ್ಕೆ ಬರಲ್ಲ, ಬಿಟ್ಟುಬಿಡು' ಅಂತ ಇವು ಹೇಳುವ ರೀತಿ ಅದು. ಗಾಜಿನಲ್ಲಿ ಕಾಣುವ ತನ್ನದೇ ಪ್ರತಿಬಿಂಬವನ್ನು ಇನ್ನೊಂದು ಓತಿ ಅಂದುಕೊಂಡು ಕೂಡ ಹೀಗೆ ಮಾಡುವುದುಂಟು.

ಹೊಸ ಜಾಗಕ್ಕೆ ಬಂದ ಇಂಥ ಪ್ರಾಣಿ ಒಂದೆರಡು ವಾರ ಊಟ ಬಿಡೋದು ಮಾಮೂಲು. ದೊಡ್ಡದಾದರೆ ಮೈಯಲ್ಲಿ ಕೊಬ್ಬು ಇರುತ್ತದೆ, ತಡೆದುಕೊಳ್ಳುತ್ತದೆ. ಮರಿಯಾದರೆ ಕೆಲವೇ ದಿನದಲ್ಲಿ ಡಾಕ್ಟರ ಹತ್ತಿರ ಓಡಬೇಕು. ಎಷ್ಟು ದಿನ ಕಾಯಬಹುದು ಅಂತ ಹೇಳೋದು ಕ್ಯಾಲೆಂಡರಲ್ಲ, ತಕ್ಕಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಡಬ್ಬಿ ಇಟ್ಟು ತೂಗಿದೆವು. ಬಂದ ದಿನ 412 ಗ್ರಾಂ. ನೂರಕ್ಕೆ ಹತ್ತರಷ್ಟು ಇಳಿದರೆ ಗಾಬರಿಯ ಗೆರೆ, ಅಂದರೆ 371. ಏಳನೇ ದಿನ 401 ತೋರಿಸಿತು. ಎರಡನೇ ಶುಕ್ರವಾರ ಮತ್ತೆ ಫೋನು. 'ತಿಂದನಾ ಅಂಕಲ್?'

'ಇನ್ನೂ ಇಲ್ಲ ಮಗಾ. ನೀರು ಕುಡಿದ' ಅಂದೆ. ಮೂತಿಯ ಮೇಲೆ ಹನಿ ಹನಿಯಾಗಿ ಬಿಟ್ಟರೆ ನೆಕ್ಕುತ್ತಿದ್ದ, ಸುಳ್ಳಲ್ಲ. ತಿಂದ ಅಂತ ಒಂದು ಮಾತು ಹೇಳಿಬಿಟ್ಟರೆ ಆ ಹುಡುಗ ನೆಮ್ಮದಿಯಾಗಿ ಮಲಗುತ್ತಾನೆ ಅಂತ ನನ್ನವಳು ಸನ್ನೆ ಮಾಡಿದಳು. ಆದರೆ ನಾಳೆ ಹೆಚ್ಚುಕಮ್ಮಿಯಾದರೆ? ಹೇಳಲು ಬಾಯಿ ಬರಲಿಲ್ಲ.

ಪುತ್ತೂರಿನಲ್ಲಿರುವ ಅಮ್ಮನಿಗೂ ವಿಷಯ ಗೊತ್ತಾಯಿತು. 'ಎಂತ ಮಾರಾಯ, ಮನುಷ್ಯರನ್ನು ಸಾಕುದೇ ಕಷ್ಟ, ನಿಂಗೆ ಓತಿ ಬೇಕಿತ್ತಾ?' ಅಂತ ಶುರುಮಾಡಿದವಳು ಕಡೆಗೆ, 'ಮೈ ಮುಟ್ಟಿ ನೋಡಿದ್ಯಾ? ತಣ್ಣಗುಂಟಾ? ಹೊಟ್ಟೆಯಲ್ಲಿ ಅಗ್ನಿ ಇಲ್ಲದ್ರೆ ಹಸಿವು ಎಲ್ಲಿಂದ ಬರ್ಬೇಕು?' ಅಂದಳು. ಅಮ್ಮ ಯಾವ ಪ್ರಾಣಿಶಾಸ್ತ್ರವನ್ನೂ ಓದಿದವಳಲ್ಲ.

*

ಹನ್ನೊಂದನೇ ದಿನ ತೂಕ 389. ಸಂಜೆ ಆಫೀಸಿನಿಂದ ಬಂದವನೇ ರಾಕಿಯನ್ನು ರಂಧ್ರ ಕೊರೆದ ಡಬ್ಬಿಯಲ್ಲಿಟ್ಟು, ಹಲ್ಲಿಹಾವುಗಳನ್ನೂ ನೋಡುವ ಒಂದು ಕ್ಲಿನಿಕ್ಕಿಗೆ ಹೋದೆ. ಡಾಕ್ಟರಮ್ಮ ಬಾಯಿ ತೆರೆಸಿ ಒಸಡು ನೋಡಿದರು, ಹೊಟ್ಟೆ ಒತ್ತಿ ನೋಡಿದರು, ದವಡೆ ಮೆತ್ತಗಾಗಿದೆಯಾ ಅಂತ ಪರೀಕ್ಷಿಸಿದರು. ಬಾಯಿ ಹುಣ್ಣು, ಕರುಳು ಕಟ್ಟಿಕೊಳ್ಳುವುದು, ಹೊಟ್ಟೆಹುಳ, ಕ್ಯಾಲ್ಸಿಯಂ ಸಾಲದೆ ಮೂಳೆ ಮೆದುವಾಗುವುದು, ಹೆಣ್ಣಾದರೆ ಮೊಟ್ಟೆ ಕಟ್ಟಿಕೊಂಡಿರುವುದು, ಪೊರೆ ಬಿಡುವ ಸಮಯ, ಹೀಗೆ ಊಟ ಬಿಡಲು ಕಾರಣ ಹತ್ತಾರು. ಇವನಲ್ಲಿ ಯಾವುದೂ ಕಾಣಲಿಲ್ಲ. ಬಲವಂತವಾಗಿ ಬಾಯಿಗೆ ತುರುಕಬಹುದಾ ಅಂತ ಕೇಳಿದ್ದಕ್ಕೆ ಅವರು ಕೈ ಅಡ್ಡ ಹಿಡಿದರು. ಎಳೆ ದವಡೆ ಮುರಿಯಬಹುದು, ಶ್ವಾಸನಾಳಕ್ಕೆ ಹೋಗಬಹುದು. ಅದಕ್ಕಿಂತ ಮುಖ್ಯ, ಮೈ ತಣ್ಣಗಿರುವ ಓತಿಯ ಹೊಟ್ಟೆಗೆ ಊಟ ಹೋದರೆ ಅದು ಜೀರ್ಣವಾಗದೆ ಒಳಗೇ ಕೊಳೆಯುತ್ತದೆ.

ಆಮೇಲೆ ಕೇಳಿದರು, 'ಪೆಟ್ಟಿಗೆಯೊಳಗೆ ಬಿಸಿ ಎಷ್ಟಿದೆ?' ಪೆಟ್ಟಿಗೆಯ ಗಾಜಿಗೆ ಅಂಟಿಸಿದ್ದ ಮುಳ್ಳಿನ ಮೀಟರು 35 ಡಿಗ್ರಿ ತೋರಿಸುತ್ತಿತ್ತು, ಅದನ್ನೇ ಹೇಳಿದೆ. 'ಅದು ಗಾಜಿನ ಬಿಸಿ. ಅವನು ಮಲಗುವ ಕಲ್ಲಿನ ಬಿಸಿ ಅಳೆಯಿರಿ' ಅಂದರು.

ದಾರಿಯಲ್ಲಿ ಹಾರ್ಡ್‌ವೇರ್ ಅಂಗಡಿಯಿಂದ ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ನು ತಂದು ಕಲ್ಲಿಗೆ ಗುರಿಯಿಟ್ಟೆ. 30 ಡಿಗ್ರಿ! ಇರಬೇಕಾದದ್ದು 38ರಿಂದ 42. ಪೆಟ್ಟಿಗೆಯ ತಂಪಿನ ಮೂಲೆಯಲ್ಲಿ 25ರಿಂದ 28 ಇರಬೇಕು, ಇದ್ದದ್ದು 22. ತಲೆಯೆತ್ತಿ ನೋಡಿದರೆ ಸೀಲಿಂಗಿನ ಏಸಿ ಬಾಯಿ ಗಾಳಿಯನ್ನು ಸೀದಾ ಅಲ್ಲಿಗೇ ಬಿಡುತ್ತಿತ್ತು.

ಆ ಹುಡುಗನಿಗೆ ಫೋನು ಮಾಡಿ, 'ನಿಮ್ಮನೇಲಿ ರಾಕಿ ಪೆಟ್ಟಿಗೆ ಎಲ್ಲಿತ್ತು ಮಗಾ?' ಅಂತ ಕೇಳಿದೆ.

'ಸ್ಟೋರ್ ರೂಮಲ್ಲಿ ಅಂಕಲ್. ಅಲ್ಲಿ ಏಸಿ ಇಲ್ಲ.'

'ಯುವಿ ದೀಪ ಯಾವಾಗ ತಂದದ್ದು?'

'ರಾಕಿ ಬಂದಾಗ್ಲೇ. ಎರಡು ವರ್ಷ ಆಯ್ತು.'

ಅಲ್ಲಿಗೆ ಎಲ್ಲ ಅರ್ಥವಾಯಿತು. ಏಸಿ ಇಲ್ಲದ ಕೋಣೆಯಲ್ಲಿ ದೀಪ ದುರ್ಬಲವಾಗಿದ್ದರೂ ನಡೆಯುತ್ತಿತ್ತು, ಗೋಡೆಯೇ ಬೆಚ್ಚಗಿರುತ್ತಿತ್ತು. ಏಸಿಯಿರುವ ಹಾಲಿನಲ್ಲಿ ಅದೇ ದೀಪಕ್ಕೆ ಶಕ್ತಿ ಸಾಲದು. ಅಲ್ಲದೆ ಇವುಗಳಿಗೆ ಬೇಕಾದ ಯುವಿ-ಬಿ ಕಿರಣ ಸೂಸುವ ದೀಪಗಳು ಹೆಚ್ಚೆಂದರೆ ಒಂದು ವರ್ಷ ಸರಿಯಾಗಿ ಕೆಲಸ ಮಾಡುತ್ತವೆ. ಆಮೇಲೂ ನೋಡೋಕೆ ಉರಿಯುತ್ತಲೇ ಇರುತ್ತವೆ, ಆದರೆ ಒಳಗಿನ ಸತ್ವ ಮುಗಿದಿರುತ್ತದೆ. ಆ ಕಿರಣ ಇಲ್ಲದಿದ್ದರೆ ಚರ್ಮದಲ್ಲಿ ಡಿ3 ವಿಟಮಿನ್ ತಯಾರಾಗುವುದಿಲ್ಲ, ಕ್ಯಾಲ್ಸಿಯಂ ಹಿಡಿಯುವುದಿಲ್ಲ. ಕಿಟಕಿಯ ಬಿಸಿಲಿಗೆ ಇಟ್ಟರೆ ಸಾಲದಾ ಅಂದರೆ ಸಾಲದು, ಕಿಟಕಿಯ ಗಾಜು ಯುವಿ-ಬಿಯನ್ನು ಒಳಗೆ ಬಿಡೋದೇ ಇಲ್ಲ.

ಯೋಚಿಸಿ ನೋಡಿ. ಹೊರಗೆ ದೋಹಾದ ಜುಲೈ, ನಲವತ್ತೈದು ಡಿಗ್ರಿಯ ಬೆಂಕಿ. ಗೋಡೆಯ ಈಚೆ ಒಣನಾಡಿನ ಪ್ರಾಣಿಯೊಂದು ಚಳಿಯಲ್ಲಿ ನಡುಗಲೂ ತಿಳಿಯದೆ ಮಲಗಿದೆ. ನಡುಗಿ ಬಿಸಿ ಮಾಡಿಕೊಳ್ಳೋದು ನಮ್ಮಂಥವರ ವಿದ್ಯೆ. ಓತಿಗೆ ಒಳಗೆ ಒಲೆಯಿಲ್ಲ, ಬಿಸಿಯನ್ನು ಹೊರಗಿನಿಂದಲೇ ತಂದುಕೊಳ್ಳಬೇಕು. ಇವುಗಳ ಮೈಗೆ ಹಿತವಾದ ಬಿಸಿ ಸುಮಾರು 35 ಡಿಗ್ರಿ. ಅದಕ್ಕಿಂತ ಬಹಳ ಕೆಳಗಿಳಿದರೆ ಜೀರ್ಣ ನಿಧಾನ, ಹಸಿವೂ ನಿಧಾನ. ಅಮ್ಮ ಹೇಳಿದ ಜಠರಾಗ್ನಿ ಓತಿಯ ಮಟ್ಟಿಗೆ ಉಪಮೆಯೇ ಅಲ್ಲ, ಅಕ್ಷರಶಃ ನಿಜ. 1975ರಲ್ಲಿ ಅಮೆರಿಕದ ಕ್ಲುಗರ್ ಮತ್ತು ಸಂಗಡಿಗರು ಮರುಭೂಮಿ ಇಗ್ವಾನಾಗಳ ಮೇಲೆ ಮಾಡಿದ ಪ್ರಯೋಗವೊಂದಿದೆ. ಸೋಂಕು ತಗಲಿದ ಹಲ್ಲಿಗಳು ಬೇಕೆಂದೇ ಹೆಚ್ಚು ಬಿಸಿಯ ಜಾಗಕ್ಕೆ ಹೋಗಿ ಜ್ವರ ತರಿಸಿಕೊಳ್ಳುತ್ತವೆ, ಹಾಗೆ ಬಿಸಿಯಾಗಿದ್ದವು ಹೆಚ್ಚು ಬದುಕಿ ಉಳಿದವು. ಬಿಸಿಯೇ ಅವುಗಳ ಗಂಜಿ, ಬಿಸಿಯೇ ಕಷಾಯ.

ಇದನ್ನು ಈ ನಾಡಿನ ದಬ್ಬ್ ಚೆನ್ನಾಗಿ ಬಲ್ಲದು. ಕತಾರಿನ ಮರಳುಗಾಡಿನಲ್ಲಿ ಬಿಲ ತೋಡಿಕೊಂಡು ಬದುಕುವ, ಮುಳ್ಳುಬಾಲದ, ಎರಡು ಅಡಿ ದಾಟುವ ದೊಡ್ಡ ಓತಿ ಅದು. ಪಶ್ಚಿಮದ ಅಲ್ ರೀಮ್ ಕಡೆ (2007ರಲ್ಲಿ ಯುನೆಸ್ಕೊ ಅದನ್ನು ಜೀವಗೋಳ ಮೀಸಲು ಪ್ರದೇಶ ಅಂತ ಘೋಷಿಸಿತು) ಒಂದು ಮಾರ್ಚಿನ ಬೆಳಿಗ್ಗೆ ಹೋಗಿದ್ದಾಗ ಬಿಲದ ಬಾಯಲ್ಲಿ ಕೂತಿದ್ದ ದಬ್ಬನ್ನು ನೋಡಿದ್ದೆ. ಮೊದಲು ಕಲ್ಲಿದ್ದಲಿನಂತೆ ಕಪ್ಪಗಿತ್ತು. ಬಿಸಿಲೇರಿದ ಹಾಗೆ ಮೈ ಹಳದಿ ಬಿಳಿಚಾಯಿತು. ಕಪ್ಪು ಬಣ್ಣ ಬಿಸಿಲನ್ನು ಬೇಗ ಕುಡಿಯುತ್ತದೆ, ಸಾಕಾದ ಮೇಲೆ ಬಣ್ಣ ಬಿಡುತ್ತದೆ. ಆಮೇಲೇ ಮೇಯಲು ಹೊರಟಿತು. ಮೊದಲು ಬಿಸಿ, ನಂತರ ಊಟ. ನೀರನ್ನೂ ಸೊಪ್ಪಿನಿಂದಲೇ ಪಡೆಯುತ್ತದೆ, ಹೆಚ್ಚಾದ ಉಪ್ಪನ್ನು ಮೂಗಿನಿಂದ ಹೊರಹಾಕುತ್ತದೆ. ಅರಬರು ಹಿಂದಿನಿಂದಲೂ ಅದನ್ನು ಬೇಟೆಯಾಡಿ ತಿಂದವರು. ಈಗ ಅದರ ಸಂತತಿ ಅಪಾಯದ ಪಟ್ಟಿಯಲ್ಲಿದೆ, ಹಿಡಿದು ಮನೆಗೆ ತರುವ ಯೋಚನೆ ಯಾರೂ ಮಾಡಬಾರದು. ಒಂದು ಸ್ವಾರಸ್ಯ ಏನೆಂದರೆ ದಬ್ಬ್, ರಾಕಿ, ನಮ್ಮ ಬೇಲಿಯ ಓತಿಕ್ಯಾತ, ಪಶ್ಚಿಮಘಟ್ಟದ ಹಾರುವ ಓತಿ, ನಾಲ್ಕೂ ಅಗಾಮಿಡೆ ಅನ್ನುವ ಒಂದೇ ಕುಟುಂಬದವು. ದಾಯಾದಿಗಳು!

*

ಹನ್ನೆರಡನೇ ದಿನ ರಾಕಿಯ ಪೆಟ್ಟಿಗೆಯನ್ನು ಒಳಗಿನ ಚಿಕ್ಕ ಕೋಣೆಗೆ ಸಾಗಿಸಿ, ಅಲ್ಲಿನ ಏಸಿ ಬಾಯಿ ಮುಚ್ಚಿದೆವು. ಹೊಸ ಬಿಸಿದೀಪ, ಹೊಸ ಯುವಿ ಕೊಳವೆ ದೀಪ. ಗಾಜಿನ ಮೂರು ಬದಿಗೆ ಕಂದು ಕಾಗದ, ಪ್ರತಿಬಿಂಬ ಕಾಣದ ಹಾಗೆ. ಅಡಗಿ ಕೂರಲು ಒಂದು ಮಣ್ಣಿನ ಕುಂಡವನ್ನು ಅಡ್ಡ ಮಲಗಿಸಿದೆವು. ಕಲ್ಲಿನ ಬಿಸಿ 40ಕ್ಕೆ ಬಂತು. ಡಾಕ್ಟರಮ್ಮ ಹೇಳಿದ ಹಾಗೆ ಮನೆಯಲ್ಲಿ ಹೊಸ ಕಾನೂನು ಜಾರಿಯಾಯಿತು. ಯಾರೂ ಎತ್ತಿಕೊಳ್ಳುವ ಹಾಗಿಲ್ಲ, ಎದುರು ಕೂತು ದಿಟ್ಟಿಸುವ ಹಾಗಿಲ್ಲ. ಬೆಳಿಗ್ಗೆ ದೀಪ ಹತ್ತಿ ಎರಡು ಗಂಟೆ ಕಳೆದ ಮೇಲೆ ತಟ್ಟೆ ಇಟ್ಟು ಹೊರಗೆ ಬಂದುಬಿಡಬೇಕು. ತಿನ್ನದಿದ್ದರೆ ಸಂಜೆಗೆ ಮಾತಿಲ್ಲದೆ ತಟ್ಟೆ ತೆಗೆಯಬೇಕು.

ಹದಿಮೂರನೇ ದಿನ ಗಡ್ಡ ಬಿಳಿಚಾಯಿತು. ಹದಿನಾಲ್ಕಕ್ಕೆ ಕಣ್ಣು ಪೂರ್ತಿ ತೆರೆದ. ಹದಿನೈದನೇ ದಿನ ಮೊಣಕಾಲು ಮುಳುಗುವಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಬಿಟ್ಟಾಗ ಹೊಟ್ಟೆ ಖಾಲಿ ಮಾಡಿಕೊಂಡ. ಆ ಗಲೀಜು ನೋಡಿ ಮೂರು ಜನ ಚಪ್ಪಾಳೆ ತಟ್ಟಿದ್ದನ್ನು ಹೊರಗಿನವರು ನೋಡಿದ್ದರೆ ಏನಂದುಕೊಳ್ಳುತ್ತಿದ್ದರೋ. ಅಂದಿನ ತೂಕ 384. ಊಟ ಮಾತ್ರ ಇಲ್ಲ.

ಮೂರನೇ ಶುಕ್ರವಾರ ಫೋನು ಬಂತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆ ಕಡೆ ಮೌನ. ಆಮೇಲೆ ಅವನ ಅಮ್ಮ ಫೋನು ತೆಗೆದುಕೊಂಡರು. ಸ್ವಲ್ಪ ಹೊತ್ತು ಅದು ಇದು ಮಾತಾಡಿ, ದನಿ ತಗ್ಗಿಸಿ ಹೇಳಿದರು, 'ಅಣ್ಣಾ, ಇವನೂ ಇಲ್ಲಿ ಸರಿ ಊಟ ಮಾಡ್ತಾ ಇಲ್ಲ. ಅಜ್ಜಿ ಮನೆ, ಹೊಸ ಶಾಲೆ. ಮಳೆ ಬೇರೆ. ತಟ್ಟೆ ಮುಂದೆ ಕೂತ್ಕೊಳ್ತಾನೆ, ಎದ್ದು ಹೋಗ್ತಾನೆ. ಅತ್ತೆ, ಮಾವ, ಇವ್ರು, ನಾನು, ಎಲ್ಲ ಸುತ್ತ ಕೂತು ತಿನ್ನು ತಿನ್ನು ಅಂತ ಹೇಳಿದ್ದೇ ಬಂತು.'

ನನಗೆ ತಟ್ಟನೆ ಏನು ಹೇಳಬೇಕೋ ತೋಚಲಿಲ್ಲ. ಅವರ ಮನೆಯಲ್ಲಿ ಕೆಲಸ ಹೋದ ಚಿಂತೆ, ಮಗನ ಚಿಂತೆ. ನನಗೆ ಗೊತ್ತಿದ್ದದ್ದು ಒಂದೇ ಪಾಠ. 'ನೋಡಿ, ಓತಿ ಡಾಕ್ಟ್ರು ನಮಗೆ ಹೇಳಿದ್ದನ್ನು ಹೇಳ್ತೇನೆ, ಬೇಸರ ಮಾಡ್ಬೇಡಿ' ಅಂತ ಶುರುಮಾಡಿದೆ. 'ಎದುರು ಕೂತು ನೋಡಬೇಡಿ. ಬಿಸಿಬಿಸಿ ಬಡಿಸಿ ಇಟ್ಟು ನಿಮ್ಮ ಕೆಲಸ ನೋಡ್ಕೊಳ್ಳಿ. ಬಿಟ್ಟರೆ ಬೈಬೇಡಿ. ಅವನಿಗೆ ಅಂತ ಒಂದು ಮೂಲೆ ಬಿಟ್ಟುಕೊಡಿ. ವಾರಕ್ಕೊಮ್ಮೆ ತೂಕ ನೋಡಿ, ಬಹಳ ಇಳಿದ್ರೆ ಡಾಕ್ಟ್ರಿಗೆ ತೋರಿಸಿ.' ಅವರು ನಕ್ಕರು. ನಕ್ಕರೋ ಅತ್ತರೋ, ಫೋನಿನಲ್ಲಿ ಸರಿಯಾಗಿ ತಿಳಿಯಲಿಲ್ಲ.

ಮರುದಿನ ಶನಿವಾರ. ಅಲ್ ವಕ್ರಾದಲ್ಲಿರುವ ಗೆಳೆಯರೊಬ್ಬರ ಮನೆಯ ಕುಂಡದಲ್ಲಿ ಕೆಂಪು ದಾಸವಾಳ ಬಿಡುತ್ತದೆ, ಅವರು ದೇವರ ಪೂಜೆಗೆ ಬೆಳೆಸುವುದರಿಂದ ಔಷಧಿ ಹೊಡೆಯುವುದಿಲ್ಲ. ಕಟ್ಟಡದ ಕಾಂಪೌಂಡಿನ ಹೂವು ಕೊಟ್ಟರೆ ಅಪಾಯ, ಅದಕ್ಕೆ ಕೀಟನಾಶಕ ಹೊಡೆದಿರುತ್ತಾರೆ. ನಾಲ್ಕು ಹೂವು ತಂದು, ಎಸಳು ಬಿಡಿಸಿ ಜರ್ಜೀರಿನ ಮೇಲೆ ಇಟ್ಟು ಹೊರಗೆ ಬಂದೆವು. ಅರ್ಧ ಗಂಟೆ ಬಿಟ್ಟು ಮಗಳು ಬಾಗಿಲ ಸಂದಿಯಿಂದ ಇಣುಕಿದವಳು ಕೈಯಾಡಿಸಿ ಕರೆದಳು. ರಾಕಿಯ ಬಾಯಿಂದ ಕೆಂಪು ಎಸಳಿನ ತುದಿ ಹೊರಗೆ ಇಣುಕುತ್ತಿತ್ತು, ತಾಂಬೂಲ ಹಾಕಿಕೊಂಡ ಅಜ್ಜನ ಹಾಗೆ. ನಿಧಾನಕ್ಕೆ ಎರಡು ಸಲ ಅಗಿದ, ನುಂಗಿದ. ಇನ್ನೊಂದು ಎಸಳು. ಆಮೇಲೆ ಸೊಪ್ಪು. ಹದಿನೇಳನೇ ದಿನ.

ಶುಕ್ರವಾರದವರೆಗೆ ಕಾಯುವ ಮಾತೇ ಇಲ್ಲ, ಆಗಲೇ ಫೋನು ಮಾಡಿದೆವು. ಹುಡುಗ ಕಿರುಚಿದ್ದು ಮಂಗಳೂರಿನ ಮಳೆಯನ್ನೂ ಮೀರಿ ಕೇಳಿಸಿತು. ಸ್ವಲ್ಪ ತಡೆದು ಕೇಳಿದ, 'ಹಾಗಾದ್ರೆ ನನ್ನನ್ನು ಮರ್ತನಾ ಅಂಕಲ್?'

ಎಂಥ ಪ್ರಶ್ನೆ ನೋಡಿ. ತಿನ್ನದಿದ್ದರೂ ಸಂಕಟ, ತಿಂದರೂ ಸಂಕಟ. 'ಅದು ನಂಗೆ ಗೊತ್ತಿಲ್ಲ ಮಗಾ. ಆದ್ರೆ ನೀನು ಬರೆದಿಟ್ಟ ಹಾಗೇ ಹೆಚ್ಚಿದ್ದನ್ನು ತಿಂದ. ನೋಟ್‌ಬುಕ್ಕಿನ ಒಂಬತ್ತನೇ ಪುಟ' ಅಂದೆ. ಅವನಿಗೆ ಅಷ್ಟು ಸಾಕಾಯಿತು ಅಂತ ಕಾಣುತ್ತದೆ.

ಇದಾಗಿ ಹತ್ತು ದಿನಕ್ಕೆ ಅವನ ಅಮ್ಮನಿಂದ ಒಂದು ಸಾಲಿನ ಮೆಸೇಜು: 'ಇವತ್ತು ನೀರುದೋಸೆ ಎಂಟು.' ನಾನು ಉತ್ತರ ಬರೆದೆ: '402 ಗ್ರಾಂ.' ಈಗ ಎರಡು ಮನೆಗಳ ನಡುವೆ ವಾರಕ್ಕೊಮ್ಮೆ ಇದೇ ಪತ್ರವ್ಯವಹಾರ. ಆ ಮನೆಯ ಯಜಮಾನರಿಗೂ ಊರಲ್ಲೇ ಒಂದು ಕೆಲಸ ಸಿಕ್ಕಿದೆಯಂತೆ, ಸಂಬಳ ಕಡಿಮೆ, ಆದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಾರಂತೆ.

ಗಲ್ಫ್ ಬಿಟ್ಟು ಹೋಗುವವರಿಗೂ, ಅಂಥವರಿಂದ ಪ್ರಾಣಿ ಪಡೆಯುವವರಿಗೂ ನನ್ನದೊಂದು ಮಾತು. ಪೆಟ್ಟಿಗೆ, ದೀಪ, ಡಬ್ಬಿಗಳ ಜೊತೆ ಒಂದು ನೋಟ್‌ಬುಕ್ಕೂ ಕೈ ಬದಲಾಗಲಿ. ಏನು ತಿನ್ನುತ್ತದೆ, ಯಾವ ಕೋಣೆಯಲ್ಲಿತ್ತು, ದೀಪ ಯಾವತ್ತು ತಂದದ್ದು, ಎಲ್ಲವನ್ನೂ ಬರೆದಿಡಿ. ಸರಿಯಾಗಿ ನೋಡಿಕೊಂಡರೆ ಇವು ಹತ್ತು ಹನ್ನೆರಡು ವರ್ಷ ಬದುಕುತ್ತವೆ. ನಮ್ಮ ವೀಸಾ ಅಷ್ಟು ವರ್ಷ ಬದುಕುತ್ತದೆ ಅಂತ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗಿದೆ? ಮುಂದೊಂದು ದಿನ ನಾನೂ ಇನ್ನೊಬ್ಬರ ಬಾಗಿಲು ತಟ್ಟಬೇಕಾದೀತು. ಅದಕ್ಕೇ ಆ ನೋಟ್‌ಬುಕ್ಕಿನಲ್ಲಿ ಮಗಳು ಈಗ ತನ್ನ ಅಕ್ಷರದಲ್ಲಿ ಮುಂದಿನ ಪುಟಗಳನ್ನು ತುಂಬಿಸುತ್ತಿದ್ದಾಳೆ.

ಅಂದ ಹಾಗೆ, ಹುಡುಗ ಬರೆದಿಟ್ಟ ಪುಟಗಳಲ್ಲಿ ಕೊನೆಯದನ್ನು ಮೊನ್ನೆ ಓದಿದೆ: 'ಡಿಸೆಂಬರ್ ಬಂದ್ರೆ ರಾಕಿ ತುಂಬಾ ಮಲಗ್ತಾನೆ. ತಿನ್ನಲ್ಲ. ಅದು ಚಳಿಗಾಲದ ನಿದ್ದೆ. ತೂಕ ಇಳೀದಿದ್ರೆ ಹೆದರ್ಬೇಡಿ. ಎಬ್ಬಿಸ್ಬೇಡಿ.'

ಸರಿ ಮಾರಾಯ, ಎಬ್ಬಿಸಲ್ಲ.